ತಲೆ ಕೆಳಗೆ, ಕಾಲು ಮೇಲೆ: ಒಲಿಂಪಿಕ್ಸ್‌ನ ಕಲಾತ್ಮಕ ಈಜನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಒಲಿಂಪಿಕ್ಸ್ ದಿನಗಳಲ್ಲಿ ಚಾನೆಲ್ ಬದಲಾಯಿಸುತ್ತಾ ಹೋದರೆ ಈ ಆಟ ಬಂದಾಗ ರಿಮೋಟ್ ಹಿಡಿದ ಕೈ ತಾನಾಗಿ ನಿಲ್ಲುತ್ತದೆ. ಕೊಳದ ನೀರಿನಿಂದ ಹದಿನಾರು ಕಾಲುಗಳು ನೆಟ್ಟಗೆ ಮೇಲೆದ್ದಿರುತ್ತವೆ. ಎಲ್ಲವೂ ಒಂದೇ ಸಲ ತಿರುಗುತ್ತವೆ, ಒಂದೇ ಸಲ ಮುಳುಗುತ್ತವೆ. ಮರುಕ್ಷಣ ಅದೇ ಜಾಗದಿಂದ ಒಬ್ಬ ಆಟಗಾರ್ತಿ ಗಾಳಿಗೆ ಚಿಮ್ಮಿ ಪಲ್ಟಿ ಹೊಡೆಯುತ್ತಾಳೆ. ನೋಡಲು ಸೊಗಸು. ಆದರೆ ಅಂಕ ಪ್ರಕಟವಾದಾಗ ತಲೆಬುಡ ತಿಳಿಯುವುದಿಲ್ಲ. ನಮ್ಮ ಕಣ್ಣಿಗೆ ಚೆನ್ನಾಗಿ ಮಾಡಿದ ತಂಡ ಕೆಳಗೆ ಬಿದ್ದಿರುತ್ತದೆ. ಸಾಧಾರಣ ಅನ್ನಿಸಿದ ತಂಡ ಮೇಲಿರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಟೋಕಿಯೊ ಕೂಟದಲ್ಲಿ ತಂಡ ಸ್ಪರ್ಧೆಯ ಚಿನ್ನಕ್ಕೆ ಬಂದ ಒಟ್ಟು ಅಂಕ 196.0979. ಅದರ ಮುಂದಿನ ಒಲಿಂಪಿಕ್ಸ್, ಅಂದರೆ 2024ರ ಪ್ಯಾರಿಸ್ ಕೂಟದಲ್ಲಿ ಚಿನ್ನ ಗೆದ್ದ ಚೀನಾದ ಅಂಕ 996.1389. ನಡುವೆ ಏನಾಯಿತು? ಅಂಕ ಕೊಡುವ ಪದ್ಧತಿಯೇ ಬುಡದಿಂದ ಬದಲಾಯಿತು. ಆ ಬದಲಾವಣೆ ಅರ್ಥವಾದರೆ ಈ ಆಟವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಅದಕ್ಕೆ ಮೊದಲು ನೀರೊಳಗೆ ಏನು ನಡೆಯುತ್ತಿದೆ ಅಂತ ಗೊತ್ತಿರಬೇಕು.

ಯಾರು, ಎಷ್ಟು ಜನ, ಎಷ್ಟು ಹೊತ್ತು

ಇದಕ್ಕೆ ಮೊದಲಿದ್ದ ಹೆಸರು ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್. 2017ರಲ್ಲಿ ಈಜಿನ ಜಾಗತಿಕ ಸಂಸ್ಥೆ ಅದನ್ನು ಆರ್ಟಿಸ್ಟಿಕ್ ಸ್ವಿಮ್ಮಿಂಗ್ ಅಂತ ಬದಲಾಯಿಸಿತು. ಒಲಿಂಪಿಕ್ಸ್‌ಗೆ ಬಂದಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗ ಇದ್ದದ್ದು ಎರಡು ವಿಭಾಗ: ಒಬ್ಬರೇ ಈಜುವುದು ಮತ್ತು ಜೋಡಿಯಾಗಿ ಈಜುವುದು. ಒಬ್ಬರೇ ಈಜುವಾಗ ಯಾರ ಜೊತೆ ಹೊಂದಿಕೊಳ್ಳಬೇಕು ಎಂಬ ಪ್ರಶ್ನೆ ಸಹಜವೇ. ಉತ್ತರ, ಸಂಗೀತದ ಜೊತೆ. ಆ ವಿಭಾಗ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಳಿದಿದೆಯಾದರೂ ಒಲಿಂಪಿಕ್ಸ್‌ನಲ್ಲಿ 1992ಕ್ಕೆ ಮುಗಿಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ತಂಡ ಸ್ಪರ್ಧೆ ಮಾತ್ರ ಇತ್ತು. 2000ದ ಸಿಡ್ನಿ ಕೂಟದಿಂದ ಈಚೆಗೆ ಜೋಡಿ ಮತ್ತು ತಂಡ, ಎರಡೂ ನಡೆಯುತ್ತಿವೆ.

ತಂಡದಲ್ಲಿ 8 ಜನ ನೀರಿಗಿಳಿಯುತ್ತಾರೆ. ಪ್ಯಾರಿಸ್‌ನಲ್ಲಿ 10 ತಂಡಗಳು, 18 ಜೋಡಿಗಳು ಭಾಗವಹಿಸಿದವು. ತಂಡಗಳು ಮೂರು ದಿನ, ಮೂರು ಬೇರೆ ಬೇರೆ ಪ್ರದರ್ಶನ ಕೊಡಬೇಕಿತ್ತು. ಮೊದಲನೆಯದು ಟೆಕ್ನಿಕಲ್. ಇದರಲ್ಲಿ ಎಲ್ಲ ತಂಡಗಳೂ ನಿಯಮದಲ್ಲಿ ಹೇಳಿದ ಕೆಲವು ಕಡ್ಡಾಯ ಭಂಗಿಗಳನ್ನು ಮಾಡಿ ತೋರಿಸಲೇಬೇಕು. ಎರಡನೆಯದು ಫ್ರೀ. ಇಲ್ಲಿ ಏನು ಮಾಡಬೇಕು ಎಂಬುದನ್ನು ಬಹುಪಾಲು ತಂಡವೇ ತೀರ್ಮಾನಿಸುತ್ತದೆ. ಮೂರನೆಯದು ಅಕ್ರೋಬ್ಯಾಟಿಕ್, ಅಂದರೆ ಒಬ್ಬರನ್ನೊಬ್ಬರು ಎತ್ತಿ ಎಸೆಯುವ, ಹೊತ್ತು ನಿಲ್ಲಿಸುವ ಕಸರತ್ತುಗಳದ್ದೇ ಪ್ರದರ್ಶನ. ಇದು ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಂಡದ್ದು ಪ್ಯಾರಿಸ್‌ನಲ್ಲೇ ಮೊದಲು. ಮೂರರ ಅಂಕ ಕೂಡಿಸಿ ಪದಕ. ಜೋಡಿಗಳಿಗೆ ಟೆಕ್ನಿಕಲ್ ಮತ್ತು ಫ್ರೀ ಮಾತ್ರ.

ಪ್ರದರ್ಶನಗಳು ಸುಮಾರು ಎರಡು ಕಾಲು ನಿಮಿಷದಿಂದ ಮೂರೂವರೆ ನಿಮಿಷದವರೆಗೆ ಇರುತ್ತವೆ. ಕಡಿಮೆ ಅನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ ಒಮ್ಮೆಯೂ ಕಾಲು ನೆಲಕ್ಕೆ ತಾಗಿಸುವ ಹಾಗಿಲ್ಲ.

ನೆಲವೇ ಇಲ್ಲದ ಕಡೆ ನಿಲ್ಲುವುದು

ಈ ಆಟದ ಮೂಲ ಕಷ್ಟ ಇದೇ. ಕೊಳದ ಆಳ ಸುಮಾರು 3 ಮೀಟರ್. ತಳವನ್ನು ಒದ್ದು ಮೇಲೆ ಬಂದರೆ ಅಂಕ ಕಡಿತ. ಅಂದ ಮೇಲೆ ಎದೆಮಟ್ಟ ನೀರಿನಿಂದ ಹೊರಗೆ ನಿಂತು, ಎರಡೂ ಕೈ ಎತ್ತಿ, ನಗುತ್ತಾ ಅಭಿನಯಿಸುವುದು ಹೇಗೆ?

ಕಾಲಿನಿಂದ. ಮಂಡಿ ಅಗಲಿಸಿ, ಕುರ್ಚಿಯ ಮೇಲೆ ಕೂತ ಭಂಗಿಯಲ್ಲಿ, ಎರಡೂ ಕಾಲುಗಳನ್ನು ಒಂದರ ನಂತರ ಒಂದು ವಿರುದ್ಧ ದಿಕ್ಕಿನಲ್ಲಿ ವೃತ್ತಾಕಾರವಾಗಿ ಸುತ್ತಿಸುತ್ತಾರೆ. ಇದಕ್ಕೆ ಎಗ್‌ಬೀಟರ್ ಎನ್ನುತ್ತಾರೆ. ವಾಟರ್ ಪೋಲೊ ಗೋಲ್‌ಕೀಪರ್‌ಗಳು ಬಳಸುವುದೂ ಇದನ್ನೇ. ಎರಡು ಕಾಲೂ ಒಟ್ಟಿಗೆ ಒದ್ದರೆ ದೇಹ ಮೇಲೇರುತ್ತದೆ, ಇಳಿಯುತ್ತದೆ, ಕುಲುಕುತ್ತದೆ. ಒಂದರ ನಂತರ ಒಂದು ಸುತ್ತಿದರೆ ಮೇಲಕ್ಕೆ ತಳ್ಳುವ ಬಲ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಮೇಲಿನ ಅರ್ಧ ದೇಹ ಅಲುಗಾಡದೆ ನಿಲ್ಲುತ್ತದೆ.

ಇನ್ನು ತಲೆಕೆಳಗಾದಾಗ ಕೈಯದೇ ಎಲ್ಲ ಕೆಲಸ. ಇದರ ಹೆಸರು ಸ್ಕಲ್ಲಿಂಗ್. ಓಡುವ ಬಸ್ಸಿನ ಕಿಟಕಿಯ ಹೊರಗೆ ಅಂಗೈಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಗಾಳಿ ಕೈಯನ್ನು ಮೇಲಕ್ಕೆ ಎತ್ತುತ್ತದೆ, ಅಲ್ವಾ? ನೀರಿನಲ್ಲೂ ಆಗುವುದು ಅದೇ. ಇಲ್ಲಿ ಬಸ್ಸಿನ ಓಟ ಇಲ್ಲವಾದ್ದರಿಂದ ಕೈಯೇ ಓಡಬೇಕು. ಮೊಣಕೈಯನ್ನು ಪಕ್ಕೆಗೆ ಹತ್ತಿರವಿಟ್ಟು, ಮುಂಗೈಯನ್ನು ಒಳಗೆ ಹೊರಗೆ ಬೀಸುತ್ತಾ, ಪ್ರತಿ ಸಲ ಅಂಗೈಯ ಓರೆ ಬದಲಾಯಿಸುತ್ತಾ ಇರುತ್ತಾರೆ. ಬೀಸು ನಿಂತ ತಕ್ಷಣ ದೇಹ ಮುಳುಗುತ್ತದೆ.

ತಲೆಕೆಳಗಾಗಿ ನಿಲ್ಲುವುದು ಎಷ್ಟು ಕಷ್ಟ ಎಂದು ಅಂದಾಜು ಮಾಡಲು ಒಂದು ವಿಷಯ ನೆನಪಿಟ್ಟರೆ ಸಾಕು. ನೀರೊಳಗಿರುವ ಭಾಗವನ್ನು ಮಾತ್ರ ನೀರು ತೇಲಿಸುತ್ತದೆ. ಹೊರಗೆ ಬಂದ ಭಾಗದ ಪೂರ್ತಿ ಭಾರ ಕೆಳಗಿನ ಭಾಗದ ಮೇಲೆ ಬೀಳುತ್ತದೆ. ಎರಡೂ ಕಾಲು ಸೊಂಟದವರೆಗೆ ಹೊರಗಿದ್ದರೆ, ಆ ಕಾಲುಗಳ ಭಾರವನ್ನೆಲ್ಲ ನೀರೊಳಗಿನ ಎರಡು ಅಂಗೈಗಳು ಹೊರಬೇಕು. ಆದ್ದರಿಂದಲೇ ತೀರ್ಪುಗಾರರು ನೀರಿನ ಗೆರೆ ದೇಹದ ಎಲ್ಲಿಗೆ ಬಂದಿದೆ ಅಂತ ಅಷ್ಟು ಸೂಕ್ಷ್ಮವಾಗಿ ನೋಡುವುದು. ಮಂಡಿಯವರೆಗೆ ಹೊರಗಿರುವುದಕ್ಕೂ ತೊಡೆಯ ಮೇಲ್ಭಾಗದವರೆಗೆ ಹೊರಗಿರುವುದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೆರಡು ಗೇಣು. ತೋಳುಗಳಿಗೆ ಅದು ಬೆಟ್ಟದಷ್ಟು. ಪ್ಯಾರಿಸ್‌ನಲ್ಲಿ ಅಮೆರಿಕದ ತಂಡ ತಲೆ ನೀರೊಳಗೆ, ಪಾದ ನೀರ ಮೇಲೆ ಇಟ್ಟುಕೊಂಡು ಮೈಕೆಲ್ ಜಾಕ್ಸನ್ ಶೈಲಿಯ ಮೂನ್‌ವಾಕ್ ಮಾಡಿತು. ಜನ ಪಾದಗಳನ್ನು ನೋಡಿ ಚಪ್ಪಾಳೆ ತಟ್ಟಿದರು. ಆ ಪಾದಗಳು ನೀರಿನ ಮೇಲೆ ಮಟ್ಟಸವಾಗಿ ನಿಂತದ್ದು ಕೈಗಳ ಬಲದಿಂದ.

ಎತ್ತಿ ಎಸೆಯುವ ಕಸರತ್ತಿನಲ್ಲಿ ಈ ಎಲ್ಲವೂ ಸೇರುತ್ತದೆ. ಮೇಲೆ ಹಾರುವವಳನ್ನು ಫ್ಲೈಯರ್ ಎನ್ನುತ್ತಾರೆ. ಅವಳ ಕೆಳಗೆ ನೀರೊಳಗೆ ಇನ್ನೊಬ್ಬಳು, ಅವಳನ್ನು ತಳ್ಳಲು ಅದಕ್ಕೂ ಕೆಳಗೆ ಉಳಿದವರು. ಎಲ್ಲರೂ ಉಸಿರು ಕಟ್ಟಿಕೊಂಡು, ಕಾಲೂರಲು ಏನೂ ಇಲ್ಲದ ನೀರಿನಲ್ಲಿ ಗೋಪುರ ಕಟ್ಟುತ್ತಾರೆ. ಒಂದೇ ಎಣಿಕೆಗೆ ಎಲ್ಲರೂ ಮೇಲಕ್ಕೆ ತಳ್ಳುತ್ತಾರೆ. ಒಬ್ಬಳು ಅರೆಕ್ಷಣ ತಡ ಮಾಡಿದರೂ ಬಲ ಹಂಚಿಹೋಗುತ್ತದೆ, ಫ್ಲೈಯರ್ ಓರೆಯಾಗಿ ಬೀಳುತ್ತಾಳೆ. ತಲೆಗೆ ತಲೆ, ತಲೆಗೆ ಕಾಲು ಬಡಿದು ಮೆದುಳಿಗೆ ಪೆಟ್ಟಾಗುವುದು ಈ ಆಟದ ನಿಜವಾದ ಅಪಾಯಗಳಲ್ಲಿ ಒಂದು. ಟಿವಿಯಲ್ಲಿ ನೀರೊಳಗಿನ ಕ್ಯಾಮೆರಾದ ದೃಶ್ಯ ತೋರಿಸಿದಾಗ ತಪ್ಪದೆ ನೋಡಿ. ಮೇಲಿನ ನಗುವಿಗೂ ಕೆಳಗಿನ ದುಡಿಮೆಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಉಸಿರಿನ ಲೆಕ್ಕ

ಪ್ರದರ್ಶನದ ಬಹಳಷ್ಟು ಹೊತ್ತು ತಲೆ ನೀರೊಳಗೇ ಇರುತ್ತದೆ. ಸುಮ್ನೆ ಮುಳುಗಿ ಕೂತು ಉಸಿರು ಬಿಗಿಹಿಡಿಯುವುದು ಒಂದು. ಓಟದ ಪಂದ್ಯದಷ್ಟು ಮೈ ದಂಡಿಸುತ್ತಾ ಉಸಿರು ಬಿಗಿಹಿಡಿಯುವುದೇ ಇನ್ನೊಂದು. ಸ್ನಾಯುಗಳು ಜೋರಾಗಿ ಕೆಲಸ ಮಾಡಿದಷ್ಟೂ ಆಮ್ಲಜನಕ ಬೇಗ ಖಾಲಿಯಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬೇಗ ತುಂಬುತ್ತದೆ. ಈಗಲೇ ಉಸಿರು ಬೇಕು ಎಂಬ ಚಡಪಡಿಕೆ ಹುಟ್ಟಿಸುವುದು ಮುಖ್ಯವಾಗಿ ಈ ಕಾರ್ಬನ್ ಡೈಆಕ್ಸೈಡ್. ಆಟಗಾರ್ತಿಯರು ವರ್ಷಗಟ್ಟಲೆ ಅಭ್ಯಾಸ ಮಾಡಿ ಆ ಚಡಪಡಿಕೆಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತಾರೆ. ಅಪಾಯ ಇರುವುದೂ ಅಲ್ಲೇ. ದೇಹದ ಎಚ್ಚರಿಕೆಯನ್ನು ತಡೆದುಕೊಳ್ಳಲು ಕಲಿತವರಿಗೆ ಆಮ್ಲಜನಕ ತೀರಾ ಕಡಿಮೆಯಾದದ್ದು ಗೊತ್ತಾಗದೇ ಹೋಗಬಹುದು.

2022ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದು ಎಲ್ಲರ ಕಣ್ಣೆದುರೇ ನಡೆಯಿತು. ಅಮೆರಿಕದ ಅನಿತಾ ಅಲ್ವಾರೆಜ್ ತಮ್ಮ ಏಕವ್ಯಕ್ತಿ ಪ್ರದರ್ಶನ ಮುಗಿಸುತ್ತಲೇ ಪ್ರಜ್ಞೆ ತಪ್ಪಿ ಕೊಳದ ತಳಕ್ಕೆ ಇಳಿದುಹೋದರು. ಅವರ ಕೋಚ್ ಆಂಡ್ರಿಯಾ ಫುಯೆಂತೆಸ್, ಸ್ಪೇನ್ ಪರ ನಾಲ್ಕು ಒಲಿಂಪಿಕ್ ಪದಕ ಗೆದ್ದವರು, ಹಾಕಿದ್ದ ಬಟ್ಟೆಯಲ್ಲೇ ನೀರಿಗೆ ಹಾರಿ ಮೇಲೆ ತಂದರು. ಅಲ್ವಾರೆಜ್ ಚೇತರಿಸಿಕೊಂಡರು. ಎರಡು ವರ್ಷದ ನಂತರ ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದಲ್ಲಿ ಅವರಿದ್ದರು, ಕೋಚ್ ಅದೇ ಫುಯೆಂತೆಸ್.

ಕ್ಲಿಪ್, ಜೆಲಾಟಿನ್, ಸ್ಪೀಕರ್

ಮೂಗಿಗೆ ಹಾಕುವ ಪುಟ್ಟ ಕ್ಲಿಪ್, ತಲೆಕೆಳಗಾದಾಗ ನೀರು ಮೂಗಿನೊಳಗೆ ನುಗ್ಗದಿರಲಿ ಅಂತ. ಕೂದಲು ಅಷ್ಟು ಹೊಳೆಯುವುದು ಜೆಲಾಟಿನ್‌ನಿಂದ. ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಬ್ರಷ್‌ನಿಂದ ಬಳಿಯುತ್ತಾರೆ. ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ, ತಣ್ಣೀರಿಗೆ ಕರಗುವುದಿಲ್ಲ. ಸ್ಪರ್ಧೆ ಮುಗಿದ ಮೇಲೆ ಬಿಸಿನೀರಿನಲ್ಲೇ ತೊಳೆಯಬೇಕು. ಸ್ಪರ್ಧೆಯಲ್ಲಿ ಕನ್ನಡಕ ಹಾಕುವಂತಿಲ್ಲ. ಹಾಗಾಗಿ ನೀರೊಳಗೆ ಪಕ್ಕದವರು ಕಾಣುವುದು ಮಬ್ಬು ಮಬ್ಬಾಗಿ. ಸಂಗೀತ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ನೀರೊಳಗೂ ಸ್ಪೀಕರ್ ಇಟ್ಟಿರುತ್ತಾರೆ.

ಹಾಗಿದ್ದೂ ಎಂಟು ಜನ ಒಟ್ಟಿಗೆ ಇರುವುದು ಸಂಗೀತ ಕೇಳಿಯಷ್ಟೇ ಅಲ್ಲ, ಎಣಿಸಿ. ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ಪ್ರತಿ ಎಣಿಕೆಗೂ ಮೊಣಕಾಲು ಯಾವ ಕೋನದಲ್ಲಿರಬೇಕು, ಮುಖ ಎತ್ತ ತಿರುಗಿರಬೇಕು ಎಂಬುದು ನಿಗದಿ. ಇದನ್ನು ಮೊದಲು ಕೊಳದ ದಡದಲ್ಲಿ ನಿಂತು ಅಭ್ಯಾಸ ಮಾಡುತ್ತಾರೆ. ಅಲ್ಲಿ ಕಾಲಿನ ಚಲನೆಯನ್ನು ಕೈಯಿಂದ ತೋರಿಸುತ್ತಾ ಎಣಿಸುತ್ತಾರೆ. ಸ್ಪರ್ಧೆಗೆ ಮುನ್ನ ಟಿವಿಯಲ್ಲಿ ಒಮ್ಮೊಮ್ಮೆ ಇದು ಕಾಣಿಸುತ್ತದೆ. ಗೊತ್ತಿಲ್ಲದವರಿಗೆ ವಿಚಿತ್ರ ನೃತ್ಯದಂತೆ ಕಂಡೀತು.

ಅಂಕ ಬರುವುದು ಹೇಗೆ

ಈಗ ಮುಖ್ಯ ವಿಷಯ. ಹಳೆಯ ಪದ್ಧತಿಯಲ್ಲಿ ತೀರ್ಪುಗಾರರು ಪ್ರದರ್ಶನ ನೋಡಿ, ನಿರ್ವಹಣೆಗೆ ಇಷ್ಟು, ಕಲೆಗೆ ಇಷ್ಟು, ಕಷ್ಟದ ಮಟ್ಟಕ್ಕೆ ಇಷ್ಟು ಅಂತ ಹತ್ತಕ್ಕೆ ಅಂಕ ಕೊಡುತ್ತಿದ್ದರು. ಒಂದು ಪ್ರದರ್ಶನಕ್ಕೆ ಹೆಚ್ಚೆಂದರೆ 100. ಟೋಕಿಯೊದ 196 ಬಂದದ್ದು ಹೀಗೆ, ಎರಡು ಪ್ರದರ್ಶನ ಸೇರಿ. ತೊಂದರೆ ಏನಾಗಿತ್ತೆಂದರೆ, ಕಷ್ಟದ ಮಟ್ಟ ಎಷ್ಟು ಎಂಬುದು ತೀರ್ಪುಗಾರರ ಅಂದಾಜಿಗೆ ಬಿಟ್ಟ ವಿಷಯವಾಗಿತ್ತು. ಹೆಸರುವಾಸಿ ದೇಶದ ತಂಡ ಬಂದರೆ ಅಂಕವೂ ಆ ಹೆಸರಿನ ಜೊತೆಗೇ ಬರುತ್ತದೆ ಎಂಬ ದೂರು ಬಹಳ ಕಾಲದಿಂದ ಇತ್ತು.

ಪ್ಯಾರಿಸ್ ಕೂಟಕ್ಕೆ ಮುಂಚೆ ಜಾಗತಿಕ ಸಂಸ್ಥೆ ಇದನ್ನು ಬದಲಾಯಿಸಿತು. ಈಗ ಸ್ಪರ್ಧೆಗೆ ಮೊದಲೇ ಪ್ರತಿ ತಂಡ ಒಂದು ಕಾಗದ ಕೊಡಬೇಕು. ಅದರ ಹೆಸರು ಕೋಚ್ ಕಾರ್ಡ್. ಯಾವ ಯಾವ ಕಸರತ್ತನ್ನು ಯಾವ ಕ್ರಮದಲ್ಲಿ ಮಾಡುತ್ತೇವೆ, ಎಷ್ಟು ಡಿಗ್ರಿ ತಿರುಗುತ್ತೇವೆ, ಹಾರುವವಳು ಗಾಳಿಯಲ್ಲಿ ಏನು ಮಾಡುತ್ತಾಳೆ, ಇದೆಲ್ಲವನ್ನೂ ಸಂಕೇತಗಳಲ್ಲಿ ಅದರಲ್ಲಿ ಬರೆದಿರುತ್ತಾರೆ. ಪ್ರತಿ ಸಂಕೇತಕ್ಕೂ ನಿಯಮ ಪುಸ್ತಕದಲ್ಲಿ ಒಂದು ಬೆಲೆ ಇದೆ. ಅವೆಲ್ಲ ಕೂಡಿದರೆ ಆ ಭಾಗದ ಕಷ್ಟದ ಅಂಕ. ಇದಕ್ಕೆ ಮೇಲ್ಮಿತಿ ಅಂತ 10 ಇಲ್ಲ. ಕಷ್ಟದ್ದನ್ನು ಜಾಸ್ತಿ ಬರೆದಷ್ಟೂ ಬೆಲೆ ಏರುತ್ತದೆ. ಅಂಕಗಳು ನೂರರಿಂದ ಮುನ್ನೂರರ ಆಸುಪಾಸಿಗೆ ಹಾರಿದ್ದು ಇದರಿಂದ.

ಇಲ್ಲಿ ಒಂದು ಪದ ತಿಳಿದಿರಲಿ: ಹೈಬ್ರಿಡ್. ತಲೆ ಕೆಳಗೆ ಮಾಡಿ ಕಾಲುಗಳಿಂದ ಒಂದರ ಹಿಂದೆ ಒಂದರಂತೆ ಮಾಡುವ ಚಲನೆಗಳ ಸರಣಿ ಅದು. ಚಿಮ್ಮುವುದು, ತಿರುಗುವುದು, ಕಾಲು ಸೀಳುವುದು, ಒಬ್ಬರ ಕಾಲಿಗೆ ಇನ್ನೊಬ್ಬರು ಕಾಲು ಕೂಡಿಸುವುದು ಎಲ್ಲವೂ ಅದರಲ್ಲಿ ಬರುತ್ತದೆ. ಹೈಬ್ರಿಡ್‌ಗಳು, ಎತ್ತಿ ಎಸೆಯುವ ಕಸರತ್ತುಗಳು ಮತ್ತು ಟೆಕ್ನಿಕಲ್‌ನ ಕಡ್ಡಾಯ ಭಂಗಿಗಳು, ಇವಿಷ್ಟೂ ಲೆಕ್ಕಕ್ಕೆ ಸಿಗುವ ಭಾಗಗಳು.

ತೀರ್ಪುಗಾರರ ಕೆಲಸವನ್ನು ಈಗ ಹಂಚಿದ್ದಾರೆ. ಒಂದು ಗುಂಪು ಪ್ರತಿ ಭಾಗವನ್ನು ಎಷ್ಟು ಚೆನ್ನಾಗಿ ಮಾಡಿದರು ಅಂತ ಹತ್ತಕ್ಕೆ ಅಂಕ ಕೊಡುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಬಿಟ್ಟು ಉಳಿದದ್ದರ ಸರಾಸರಿ ತೆಗೆಯುತ್ತಾರೆ. ಅದನ್ನು ಕಷ್ಟದ ಅಂಕದಿಂದ ಗುಣಿಸುತ್ತಾರೆ. ಇನ್ನೊಂದು ಗುಂಪು ಕಲೆಯ ಕಡೆ ನೋಡುತ್ತದೆ: ಸಂಯೋಜನೆ ಹೇಗಿದೆ, ಸಂಗೀತಕ್ಕೆ ಹೊಂದುತ್ತದೆಯೇ, ಅಭಿನಯ ಹೇಗಿದೆ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ರೀತಿ ಸರಾಗವೇ. ಇವರಲ್ಲದೆ ಟೆಕ್ನಿಕಲ್ ಕಂಟ್ರೋಲರ್‌ಗಳು ಎಂಬವರಿದ್ದಾರೆ. ಅವರು ಅಂದ ಚೆಂದ ನೋಡುವುದೇ ಇಲ್ಲ. ಕೆಲವರು ಹೊಂದಾಣಿಕೆ ತಪ್ಪಿದ ಕಡೆಗಳನ್ನು ಎಣಿಸಿ ಅಂಕ ಕಳೆಯುತ್ತಾರೆ. ಉಳಿದವರದ್ದು ಒಂದೇ ಪ್ರಶ್ನೆ: ಕಾರ್ಡಿನಲ್ಲಿ ಬರೆದದ್ದನ್ನು ಮಾಡಿದಿರಾ, ಇಲ್ಲವಾ? ಅನುಮಾನ ಬಂದರೆ ವಿಡಿಯೊ ಹಿಂದಕ್ಕೆ ತಿರುಗಿಸಿ ನೋಡುತ್ತಾರೆ.

ಮಾಡಿಲ್ಲ ಎಂದಾದರೆ ಬೀಳುವುದೇ ಬೇಸ್ ಮಾರ್ಕ್. ಆ ಭಾಗದ ಕಷ್ಟದ ಅಂಕ ತೀರಾ ಕನಿಷ್ಠಕ್ಕೆ ಇಳಿಯುತ್ತದೆ. ಇದು ಎಷ್ಟು ದೊಡ್ಡ ಪೆಟ್ಟು ಎಂದು ನೋಡಲು ಕಲ್ಪಿತ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಒಂದು ಹೈಬ್ರಿಡ್‌ಗೆ ತಂಡ 5 ಕಷ್ಟದ ಅಂಕ ಬರೆದಿದೆ. ತೀರ್ಪುಗಾರರು ನಿರ್ವಹಣೆಗೆ 8 ಕೊಟ್ಟರು. ಗುಣಿಸಿದರೆ 40. ಆದರೆ ಪೂರ್ತಿ ಒಂದು ಸುತ್ತು ತಿರುಗುತ್ತೇವೆ ಅಂತ ಬರೆದು, ಮುಕ್ಕಾಲು ಸುತ್ತಿಗೇ ನಿಂತರು ಎಂದುಕೊಳ್ಳಿ. 5 ಇದ್ದದ್ದು 0.5ಕ್ಕೆ ಇಳಿಯಿತು ಎನ್ನೋಣ. ಅದೇ 8ರಿಂದ ಗುಣಿಸಿದರೆ ಬರುವುದು 4. ಉಳಿದ 36 ಹೋಯಿತು. ಮನೆಯಲ್ಲಿ ಕೂತು ನೋಡುವವರಿಗೆ ಆ ಕಾಲು ಸುತ್ತಿನ ಕೊರತೆ ಕಾಣಿಸಿಯೇ ಇರುವುದಿಲ್ಲ. ಚೆನ್ನಾಗಿ ಮಾಡಿದ ತಂಡ ಯಾಕೆ ಕೆಳಗೆ ಬಿತ್ತು ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇದೇ.

ಹಾಗಾಗಿ ಈಗ ಪಂದ್ಯ ಅರ್ಧ ಗೆಲ್ಲುವುದು ಕಾರ್ಡ್ ಬರೆಯುವಾಗಲೇ. ಧೈರ್ಯ ಮಾಡಿ ಕಷ್ಟದ್ದನ್ನು ಬರೆದರೆ ಗೆಲ್ಲಬಹುದು, ಒಂದು ಬೇಸ್ ಮಾರ್ಕ್ ಬಿದ್ದರೆ ಪದಕವೇ ಕೈತಪ್ಪಬಹುದು. ಸ್ವಲ್ಪ ಸುಲಭದ್ದು ಬರೆದು ಅಚ್ಚುಕಟ್ಟಾಗಿ ಮಾಡಿದವರು ಮುಂದೆ ಬರುವ ಅವಕಾಶವೂ ಇದೆ. ಪ್ಯಾರಿಸ್‌ನ ಜೋಡಿ ಸ್ಪರ್ಧೆಯಲ್ಲಿ ಚೀನಾದ ಅವಳಿ ಸೋದರಿಯರಾದ ವಾಂಗ್ ಲಿಯುಯಿ ಮತ್ತು ವಾಂಗ್ ಚಿಯಾನ್ಯಿ ಚಿನ್ನ ಗೆದ್ದರು. ಬೆಳ್ಳಿ ಬ್ರಿಟನ್‌ನ ಕೇಟ್ ಶಾರ್ಟ್‌ಮನ್ ಮತ್ತು ಇಸಬೆಲ್ ಥಾರ್ಪ್ ಅವರದ್ದು. ಕಂಚು ನೆದರ್‌ಲ್ಯಾಂಡ್ಸ್‌ನ ಡಿ ಬ್ರೌವರ್ ಅವಳಿಗಳದ್ದು. ಬೆಳ್ಳಿ ಮತ್ತು ಕಂಚಿನ ನಡುವಿನ ಅಂತರ ಅರ್ಧ ಅಂಕವೂ ಇರಲಿಲ್ಲ. ಈ ಆಟದಲ್ಲಿ ಬ್ರಿಟನ್‌ಗೂ ನೆದರ್‌ಲ್ಯಾಂಡ್ಸ್‌ಗೂ ಅದೇ ಮೊದಲ ಒಲಿಂಪಿಕ್ ಪದಕ.

ಹೊಸ ಪದ್ಧತಿಯ ಬಗ್ಗೆ ಆಕ್ಷೇಪವೂ ಇದೆ. ಎಲ್ಲರೂ ಅಂಕ ತರುವ ಚಲನೆಗಳನ್ನೇ ತುಂಬಿಸುತ್ತಿದ್ದಾರೆ, ಕಲೆಗೆ ಜಾಗ ಕಡಿಮೆಯಾಗುತ್ತಿದೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಹಿಂದೆ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು.

ಒಂದು ಗುಂಡಿ ಒತ್ತಿದ್ದಕ್ಕೆ

1992ರ ಬಾರ್ಸಿಲೋನಾ. ಏಕವ್ಯಕ್ತಿ ಸ್ಪರ್ಧೆಯಲ್ಲಿ ಕೆನಡಾದ ಸಿಲ್ವಿ ಫ್ರೆಶೆಟ್ ಚಿನ್ನದ ಹಾದಿಯಲ್ಲಿದ್ದರು. ಒಬ್ಬ ತೀರ್ಪುಗಾರರು 9.7 ಕೊಡಲು ಹೋಗಿ ಯಂತ್ರದಲ್ಲಿ 8.7 ಒತ್ತಿಬಿಟ್ಟರು. ತಕ್ಷಣ ಸರಿಪಡಿಸಲು ಪ್ರಯತ್ನಿಸಿದರೂ ಆಗಲಿಲ್ಲ. ಆ ಅಂಕವೇ ಉಳಿಯಿತು. ಚಿನ್ನ ಅಮೆರಿಕದ ಕ್ರಿಸ್ಟೆನ್ ಬ್ಯಾಬ್-ಸ್ಪ್ರೇಗ್ ಅವರಿಗೆ, ಫ್ರೆಶೆಟ್‌ಗೆ ಬೆಳ್ಳಿ. ಕೆನಡಾ ಬಿಡದೆ ಹೋರಾಡಿತು. 1993ರಲ್ಲಿ ಫ್ರೆಶೆಟ್‌ಗೂ ಚಿನ್ನ ಕೊಟ್ಟರು, ಅಮೆರಿಕನ್ ಆಟಗಾರ್ತಿಯ ಚಿನ್ನವನ್ನು ವಾಪಸ್ ಪಡೆಯಲಿಲ್ಲ. ಒಬ್ಬ ತೀರ್ಪುಗಾರರ ಬೆರಳು ಜಾರಿದ್ದಕ್ಕೆ ಪದಕದ ಬಣ್ಣವೇ ಬದಲಾಗಬಹುದಾದರೆ, ಅಂಕ ಎಲ್ಲಿಂದ ಬಂತು ಎಂದು ತೋರಿಸುವ ಕಾಗದ ಇರುವುದು ಒಳ್ಳೆಯದೇ.

ಇನ್ನೊಂದು ಕಡೆ ರಷ್ಯಾ. 2000ದ ಸಿಡ್ನಿಯಿಂದ ಟೋಕಿಯೊವರೆಗೆ ಆರು ಕೂಟಗಳಲ್ಲಿ ಜೋಡಿ ಮತ್ತು ತಂಡದ ಎಲ್ಲ ಚಿನ್ನವೂ ರಷ್ಯಾದ ಆಟಗಾರ್ತಿಯರಿಗೇ ಹೋಯಿತು. ಸ್ವೆಟ್ಲಾನಾ ರೊಮಾಶಿನಾ ಒಬ್ಬರೇ ಏಳು ಒಲಿಂಪಿಕ್ ಚಿನ್ನ ಗೆದ್ದಿದ್ದಾರೆ. ಅವರ ಸಾಮರ್ಥ್ಯದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಮೊದಲ ಸ್ಥಾನ ಯಾರದು ಅಂತ ಮೊದಲೇ ಗೊತ್ತಿದ್ದರೆ ನೋಡುವವರಿಗೆ ಕುತೂಹಲ ಎಲ್ಲಿಂದ ಬರಬೇಕು? ಯುಕ್ರೇನ್ ಯುದ್ಧದ ನಂತರದ ನಿಷೇಧದಿಂದ ರಷ್ಯಾ ಪ್ಯಾರಿಸ್‌ನಲ್ಲಿ ಇರಲಿಲ್ಲ. ಹೊಸ ಅಂಕ ಪದ್ಧತಿಯೂ ಸೇರಿಕೊಂಡಿತು. ಚೀನಾಕ್ಕೆ ಈ ಆಟದಲ್ಲಿ ಮೊದಲ ಒಲಿಂಪಿಕ್ ಚಿನ್ನ ಬಂತು. ತಂಡ ವಿಭಾಗದಲ್ಲಿ ಅಮೆರಿಕಕ್ಕೆ ಬೆಳ್ಳಿ, ಸ್ಪೇನ್‌ಗೆ ಕಂಚು ಸಿಕ್ಕಿತು.

ಗಂಡಸರು ಎಲ್ಲಿ?

ಒಲಿಂಪಿಕ್ಸ್‌ನಲ್ಲಿ ಇದು ಮೊದಲಿನಿಂದಲೂ ಮಹಿಳೆಯರಿಗೆ ಮಾತ್ರ ಇದ್ದ ಆಟ. ಗಂಡಸರು ಈಜುತ್ತಲೇ ಇದ್ದರು, ಅವರಿಗೆ ದೊಡ್ಡ ವೇದಿಕೆ ಇರಲಿಲ್ಲ. 2015ರಲ್ಲಿ ಕಜಾನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸಲ ಮಿಶ್ರ ಜೋಡಿ ಸ್ಪರ್ಧೆ ನಡೆಯಿತು. ಅಮೆರಿಕದ ಬಿಲ್ ಮೇ ತಮ್ಮ ಜೊತೆಗಾರ್ತಿ ಕ್ರಿಸ್ಟಿನಾ ಜೋನ್ಸ್ ಜೊತೆ ಟೆಕ್ನಿಕಲ್ ವಿಭಾಗದ ಚಿನ್ನ ಗೆದ್ದರು. 2022ರ ಕೊನೆಯಲ್ಲಿ ಒಲಿಂಪಿಕ್ಸ್ ಬಾಗಿಲೂ ತೆರೆಯಿತು. ಪ್ಯಾರಿಸ್‌ನ ತಂಡ ಸ್ಪರ್ಧೆಯಲ್ಲಿ ಎಂಟು ಜನರಲ್ಲಿ ಇಬ್ಬರವರೆಗೆ ಗಂಡಸರು ಇರಬಹುದು ಎಂದು ಅನುಮತಿ ಸಿಕ್ಕಿತು. ಜೋಡಿ ಸ್ಪರ್ಧೆ ಮಹಿಳೆಯರಿಗೇ ಉಳಿಯಿತು.

ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಜಾಗ ಸಿಗಲಿಲ್ಲ. 45ರ ಪ್ರಾಯದ ಬಿಲ್ ಮೇ ಅಮೆರಿಕದ ಅಂತಿಮ ಪಟ್ಟಿಯಲ್ಲಿ ಇರಲಿಲ್ಲ. ಪ್ಯಾರಿಸ್‌ನ ಹತ್ತು ತಂಡಗಳಲ್ಲಿ ಒಂದರಲ್ಲೂ ಒಬ್ಬ ಗಂಡಸೂ ಈಜಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಂಡಗಳು ವರ್ಷಗಟ್ಟಲೆ ಅದೇ ಎಂಟು ಜನರನ್ನು ಒಟ್ಟಿಗೆ ಪಳಗಿಸಿರುತ್ತವೆ. ನಿಯಮ ಬಂದದ್ದು ಕೂಟಕ್ಕೆ ಎರಡು ವರ್ಷವೂ ಇಲ್ಲದಿರುವಾಗ. ಅಷ್ಟರಲ್ಲಿ ಗೋಪುರದ ಕೆಳಗೆ ನಿಲ್ಲುವವರು ಯಾರು, ಮೇಲೆ ಹಾರುವವರು ಯಾರು ಎಂಬುದು ಬಹುತೇಕ ತಂಡಗಳಲ್ಲಿ ನಿರ್ಧಾರವಾಗಿಬಿಟ್ಟಿತ್ತು. 2023ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ಏಕವ್ಯಕ್ತಿ ಸ್ಪರ್ಧೆಯೂ ಇದೆ. ಅಲ್ಲಿ ಬೆಳೆಯುತ್ತಿರುವ ಹುಡುಗರಿಗೆ ಬಿಲ್ ಮೇ ಅವರಿಗೆ ಸಿಗದಿದ್ದ ಒಂದು ಅನುಕೂಲವಿದೆ: ಚಿಕ್ಕಂದಿನಿಂದಲೇ ತಂಡದ ಜೊತೆ ಎಣಿಸುತ್ತಾ ಕಲಿಯಬಹುದು.